ದೋಣಿ ತಿರುಗಿಸುವ ಕೊಳ

ಮಾರ್ಕೆಟ್ಟಿನ ಹಿಂದಿನ ನಾಲೆಕೊಳದಲ್ಲಿ ಹರಿಗೋಲು ನಡೆಸುವ ಸುಕನ್ಯಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅವಳಿಗೆ ಮದುವೆಯೇ ಬೇಡ. ತಾನೇ ಬೇಡವೆಂದರೆ ಅವ್ವ ಊಟ ಬಿಟ್ಟು ಮಲಗುತ್ತಾಳೆ. ಹಾಗಾಗಿ ಆ ಮಾತು ಗಂಡಿನ ಬಾಯಿಂದಲೇ ಬರಬೇಕು.

“ಬನ್ನಿ, ಕೊಳ ತೋರಿಸ್ತೀನಿ,” ಎಂದು ಹುಡುಗನನ್ನು ಹರಿಗೋಲಿಗೆ ಹತ್ತಿಸಿಕೊಂಡಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ಮಾತು. ಊರೂರು ಸುತ್ತುವ ಕೆಲಸವಂತೆ. ಸೋಪುಪುಡಿ ಮಾರುವವನಿರಬೇಕು ಅಂದುಕೊಂಡಳು.

ನಡುನೀರಿಗೆ ಬಂದಾಗ ಹೇಳಿದಳು, “ಮುಂಚೆ ಭತ್ತದ ದೋಣಿಗಳು ನಾಲೇಲಿ ಇಲ್ಲೀಗಂಟ ಬರೋವು. ನಾಲೆ ಕಿರಿದು, ದೋಣಿ ತಿರುಗಿಸೋಕೆ ಜಾಗ ಇರಲಿಲ್ಲ. ಅದಕ್ಕೇ ಈ ಕೊಳ ತೋಡಿದ್ದು.”

“ತಿರುಗೋಕೇ ಅಂತ ಮಾಡಿದ ಕೊಳ ಅನ್ನಿ.”

“ಹ್ಞೂಂ. ಹೆಂಗೆ ತಿರುಗೋವು ಅಂತ ತೋರಿಸ್ಲಾ?”

ಜೋರಾಗಿ ಹುಟ್ಟು ಹಾಕಿದಳು. ಹರಿಗೋಲು ಬುಗುರಿಯಾಯಿತು. ಮಾರ್ಕೆಟ್ಟು, ಮಸೀದಿ, ನೀರಿನ ಟ್ಯಾಂಕು, ದಡದಲ್ಲಿ ಕೈ ಬೀಸುತ್ತಿದ್ದ ಅವ್ವ, ಎಲ್ಲ ಒಂದೇ ಪಟ್ಟಿಯಾಗಿ ಓಡಿದವು.

“ಸಾಕಾ?”

“ಇನ್ನೊಂದ್ ಸುತ್ತು.”

ಮೂವತ್ತನೆಯ ಸುತ್ತಿಗೆ ಹುಟ್ಟು ಅವಳ ಕೈಯಿಂದಲೇ ಜಾರಿತು. ತಲೆ ತಿರುಗಿ ಹರಿಗೋಲಿನ ಅಂಚು ಹಿಡಿದು ಕೂತವಳಿಗೆ ಯಾಕೋ ನಗು ತಡೆಯಲಾಗಲಿಲ್ಲ. ಹುಡುಗ ಒಂಚೂರೂ ತಡವರಿಸದೆ ಬಗ್ಗಿ, ತೇಲಿಹೋಗುತ್ತಿದ್ದ ಹುಟ್ಟನ್ನು ಎತ್ತಿಕೊಟ್ಟ. ಅವನ ಕ್ರಾಪು ಕೂಡ ಕೆದರಿರಲಿಲ್ಲ.

“ಅಲ್ಲಾ ರೀ, ನೀವು ಮಾಡೋ ಕೆಲಸ ಆದ್ರೂ ಏನು?”

“ಎಕ್ಸಿಬಿಷನ್‌ನಲ್ಲಿ ಸಾವಿನ ಬಾವಿ ಇರುತ್ತಲ್ಲ, ಅದರ ಗೋಡೆ ಮೇಲೆ ಬೈಕ್ ಓಡಿಸ್ತೀನಿ. ಹಿಂದಿನ ಸೀಟು ಖಾಲಿ ಇದೆ.”