ಗೇಣುದ್ದದ ಬಾಲ

ನೆನೆದ ತೆಂಗಿನ ನಾರಿನ ವಾಸನೆ ಬಂದರೆ ಇವತ್ತಿಗೂ ನನಗೆ ಚಾಮರಾಜಪೇಟೆಯ ಆ ಇಂಜಿನಿಯರ್ ಅಳಿಯ ನೆನಪಾಗುತ್ತಾನೆ.

ಅವನ ಮಾವನ ಮನೆಯ ಬಾವಿಯ ಹೂಳೆತ್ತಲು ಅಪ್ಪ ಇಳಿಯಬೇಕಿತ್ತು. ಒಂದು ಹಗ್ಗ ಸಾಲದೆ ಇನ್ನೊಂದನ್ನು ಸೇರಿಸಿ ಗಂಟು ಹಾಕಿದ ಅಪ್ಪ, ಎರಡೂ ತುದಿಗಳನ್ನು ಗೇಣುದ್ದ ಬಿಟ್ಟಿದ್ದ.

ಅಳಿಯ ಮೂಗು ಮುರಿದ. "ಏನಯ್ಯಾ ಇದು, ಎಮ್ಮೆ ಬಾಲ ಇದ್ದಂಗಿದೆ! ನೀಟಾಗಿ ಕಟ್ಟೋಕೆ ಬರಲ್ವಾ?"

ಅಪ್ಪನ ಗಂಟು ಬಿಚ್ಚಿ ತಾನೇ ಪುಟ್ಟದೊಂದು ಗಂಟು ಹಾಕಿದ. ಕತ್ತರಿ ತರಿಸಿ ಉಳಿದ ತುದಿಗಳನ್ನು ಕತ್ತರಿಸಿಯೂ ಬಿಟ್ಟ. ಆ ವರ್ಷವಷ್ಟೇ ಶಾಲೆ ಬಿಟ್ಟಿದ್ದ ನನಗೂ ಗೊತ್ತಿತ್ತು: ಭಾರ ಬಿದ್ದರೆ ಗಂಟು ಜಾರುತ್ತದೆ, ಆಗ ಜೀವ ಉಳಿಸುವುದು ಆ ಬಾಲವೇ.

ಅಪ್ಪ ಜಗಳವಾಡಲಿಲ್ಲ. "ಚೆನ್ನಾಗಿದೆ ಸ್ವಾಮಿ. ನಮ್ಮಲ್ಲಿ ಗಂಟು ಹಾಕ್ದೋರೇ ಮೊದ್ಲು ಜೋತಾಡ್ಬೇಕು. ಬನ್ನಿ, ಇಳೀರಿ."

ಅಳಿಯ ಬಾವಿಯೊಳಗೆ ಬಗ್ಗಿ ನೋಡಿದ.

"ನಂದು ಸ್ನಾನ ಆಗಿದೆ" ಅಂದ.

ಅಪ್ಪ ತನ್ನ ಗಂಟನ್ನೇ ಮತ್ತೆ ಹಾಕಿ, ಅಂಗಳದ ಮರಕ್ಕೆ ಬಿಗಿದು, ಜೋತುಬಿದ್ದು ನೋಡಿ, ಕತ್ತಲೊಳಗೆ ಇಳಿದುಹೋದ. ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದ ನನಗೆ, ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ಅಳಿಯ ಮನೆಯೊಳಗೆ ರೇಗುತ್ತಿದ್ದುದು ಕೇಳಿಸುತ್ತಿತ್ತು.