ಆಚೆ ಉಳಿದ ಜೆಸಿಬಿ

“ಹಿಟಾಚಿ ಈ ಹಿತ್ತಲಿಗೆ ಇಳಿದರೆ ನಾನು ಈ ಮನೆ ಹೊಸ್ತಿಲು ತುಳಿಯೋನಲ್ಲ. ಈಗಲೇ ಹೇಳಿಬಿಟ್ಟಿದೀನಿ,” ಎಂದ ಲಾಂಡ್ರಿಯಾಕೆಯ ಅಣ್ಣ.

“ಆ ಇಕ್ಕಟ್ಟಿನಲ್ಲಿ ನಿಮ್ಮ ಜೆಸಿಬಿ ತಿರುಗೋದು ಹೆಂಗೆ ಭಾವ? ಅಡುಗೆಮನೇಲಿ ಎತ್ತಿನಗಾಡಿ ತಿರುಗಿಸಿದಂಗಾಗುತ್ತೆ,” ಎಂದ ಅವಳ ಮೈದುನ, ಗಂಡನ ತಮ್ಮ.

“ನೀನು ಮಣ್ಣಲ್ಲಿ ಆಡ್ತಿದ್ದಾಗಲೇ ಮಣ್ಣು ತೋಡಿದೋನು ಕಣಯ್ಯಾ ನಾನು.”

ಲಾಂಡ್ರಿಯಾಕೆ ಒದ್ದೆ ಬಟ್ಟೆಯ ಬುಟ್ಟಿಯನ್ನು ಇಬ್ಬರ ನಡುವೆ ಕುಕ್ಕಿದಳು. ಇವರ ಜಂಬದ ಜಗಳದಲ್ಲಿ ಬಡವಾಗುತ್ತಿದ್ದುದು ಅವಳ ಅಂಗಡಿ. ಮಳೆ ಬಂದರೆ ಹಿತ್ತಲಿನ ಹಿಂದಿನ ದಿಬ್ಬದ ನೀರೆಲ್ಲ ಇಸ್ತ್ರಿ ಕೋಣೆಗೇ ನುಗ್ಗುತ್ತಿತ್ತು. ಹೋದ ಮಳೆಗಾಲದಲ್ಲಿ ಮದುಮಗನೊಬ್ಬನ ಬಿಳಿ ಅಂಗಿ ಕೆಸರಿನಲ್ಲಿ ತೇಲಿ, ಅದು ಬೀದಿಗೆಲ್ಲ ಸುದ್ದಿಯಾಗಿ, ಅರ್ಧ ಗಿರಾಕಿಗಳು ಬೇರೆ ಕಡೆ ಹೋಗಿದ್ದರು. ಇನ್ನೊಂದು ಸಲ ಹಾಗಾದರೆ ಅಂಗಡಿಗೆ ಬೀಗವೇ. ದಿಬ್ಬಕ್ಕೆ ಅಡ್ಡಲಾಗಿ ಈ ಗೋಡೆಯಿಂದ ಆ ಗೋಡೆಯವರೆಗೆ ಆಳವಾದ ಕಾಲುವೆ ತೋಡಿ ನೀರನ್ನು ಬೀದಿಯ ಮೋರಿಗೆ ತಿರುಗಿಸಬೇಕಿತ್ತು. ಅಣ್ಣನ ಜೆಸಿಬಿಗೆ ನಾಲ್ಕು ಟೈರು, ಮುಂದೆ ಮೊರದಂಥ ಬಾಯಿ, ಹಿಂದೆ ತೋಡುವ ಕೈ. ಮೈದುನನ ಹಿಟಾಚಿ ಚೈನಿನ ಮೇಲೆ ತೆವಳುವಂಥದ್ದು, ನಿಂತಲ್ಲೇ ಸುತ್ತಲೂ ತಿರುಗಿ ತೋಡುತ್ತದೆ. ಯಾವುದನ್ನು ಕರೆದರೂ ಒಂದು ಕಡೆಯವರ ಮುಖ ಊದಿಕೊಳ್ಳುತ್ತದೆ.

ಅವಳು ಕೊನೆಗೆ ಜೆಸಿಬಿ ಎಂದಳು. ತವರಿನದೆಂದಲ್ಲ, ಮನೆಯ ಪಕ್ಕದ ಓಣಿಗೆ ಮೊನ್ನೆಯಷ್ಟೇ ಸಿಮೆಂಟು ಹಾಕಿಸಿದ್ದಳು, ಹಿಟಾಚಿಯ ಚೈನು ಹತ್ತಿದರೆ ಅದು ಹಪ್ಪಳದಂತೆ ಪುಡಿಯಾಗುತ್ತಿತ್ತು. ಅಣ್ಣ ಮೀಸೆ ತಿರುವಿದ. ಮೈದುನ ಒಗೆಯುವ ಕಲ್ಲಿನ ಮೇಲೆ ಕಾಲು ಚಾಚಿ ಕೂತ.

ಅಣ್ಣನ ಕಟ್ಟಪ್ಪಣೆಯೊಂದಿತ್ತು. ಅವನು ಸೀಟು ಹತ್ತಿದ ಮೇಲೆ ಇಳಿಯುವತನಕ ಯಾರೂ ತುಟಿ ಬಿಚ್ಚಬಾರದು. ತವರಿನಲ್ಲಿ ಅದಕ್ಕೆ ಅಪ್ಪನೂ ಹೆದರುತ್ತಿದ್ದ. ಅಣ್ಣ ಓಣಿಯಲ್ಲಿ ಸಲೀಸಾಗಿ ನುಗ್ಗಿದ. ಬಟ್ಟೆ ಒಣಗಿಸುವ ಕಂಬಗಳಿಗೆ ತಾಗದಿರಲೆಂದು ಯಂತ್ರವನ್ನು ದಿಬ್ಬದ ಮಗ್ಗುಲಿಗೆ ಒಯ್ದು ನಿಲ್ಲಿಸಿ ತೋಡಲು ಶುರು ಮಾಡಿದ. ಅಬ್ಬಾ, ಕೈಯೆಂದರೆ ಕೈ. ದಾರ ಹಿಡಿದು ಹೊಲಿಗೆ ಹಾಕಿದಂತೆ ಕಾಲುವೆ ನೆಟ್ಟಗೆ ಬರುತ್ತಿತ್ತು, ಮಣ್ಣೆಲ್ಲ ಈಚೆಗೆ ಒಪ್ಪವಾಗಿ ಬೀಳುತ್ತಿತ್ತು.

ಅರ್ಧ ದಾಟಿದಾಗ ಲಾಂಡ್ರಿಯಾಕೆಗೆ ಹೊಳೆಯಿತು. ಕಾಲುವೆಯ ಈಚೆ ಮನೆ, ಓಣಿ, ಬೀದಿ. ಆಚೆ ಅಣ್ಣ, ಜೆಸಿಬಿ, ದಿಬ್ಬ. ಅವಳು ಬಾಯಿ ತೆರೆದು ಮೈದುನನತ್ತ ನೋಡಿದಳು. ಅವನಿಗೆ ಆಗಲೇ ಗೊತ್ತಾಗಿತ್ತು. ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ. ಅವಳು ಬಾಯಿ ಮುಚ್ಚಿಕೊಂಡಳು. ಅಪ್ಪಣೆಯ ಹೆದರಿಕೆ ಸ್ವಲ್ಪ. ಕಾಲುವೆ ಅಷ್ಟು ಚೆನ್ನಾಗಿ ಬರುತ್ತಿರುವಾಗ ನಿಲ್ಲಿಸುವ ಮನಸ್ಸು ಬಾರದ್ದೇ ಹೆಚ್ಚು.

ಕಾಲುವೆ ಆ ಗೋಡೆ ಮುಟ್ಟಿತು. ಅಣ್ಣ ಎಂಜಿನ್ ಆರಿಸಿ, ಮುಖ ಒರೆಸಿಕೊಂಡು, ಹೊರಡಲು ದಾರಿ ನೋಡಿದ. ನೋಡುತ್ತಲೇ ಇದ್ದ.

“ಭಾವ,” ಎಂದ ಮೈದುನ ಬಹಳ ಮರ್ಯಾದೆಯಿಂದ, “ಊಟಕ್ಕೆ ಈಚೆಗೆ ಬರ್ತೀರೋ, ಅಲ್ಲಿಗೇ ಕಳಿಸೋದೋ?”

“ಒಬ್ಬರಿಗಾದರೂ ಹೇಳೋಕೆ ಬಾಯಿರಲಿಲ್ವೇನೇ?” ಅಣ್ಣ ತಂಗಿಯ ಮೇಲೆ ಹರಿಹಾಯ್ದ.

“ತುಟಿ ಬಿಚ್ಚಬೇಡಿ ಅಂದೋನು ನೀನೇ ಅಲ್ವಾ ಅಣ್ಣ.”

ಒಂದಿಷ್ಟು ಜಾಗ ಮುಚ್ಚಿ, ದಾಟಿ, ಈಚೆಯಿಂದ ಮತ್ತೆ ತೋಡುತ್ತೇನೆಂದು ಅಣ್ಣ ಯಂತ್ರದ ಕೈ ಎತ್ತಿದ. ದಿಬ್ಬದ ಮೇಲೆ ಮೋಡ ಕವಿದಿತ್ತು, ದಪ್ಪ ಹನಿಗಳು ಬೀಳತೊಡಗಿದ್ದವು. ಲಾಂಡ್ರಿಯಾಕೆ ಸೆರಗು ಸಿಕ್ಕಿಸಿ ಕಾಲುವೆಯ ಅಂಚಿನಲ್ಲಿ ನಿಂತಳು.

“ಒಂದು ಹಿಡಿ ಮಣ್ಣು ಹಾಕಿದರೂ ನಾನು ನಿನ್ನ ತಂಗಿಯಲ್ಲ. ಹಾಕೋದಾದರೆ ನನ್ನ ಮೇಲೆ ಹಾಕು.”

ಹಿಟಾಚಿ ತಂದು ದಾರಿ ಮಾಡಿಕೊಡುತ್ತೇನೆಂದು ಮೈದುನ ಹೇಳಿದ. ಈ ಸಲ ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ಅದು ಉರಿಗೆ ತುಪ್ಪ ಸುರಿದಂತಾಯಿತು. ಅಣ್ಣ ಕೀಲಿಕೈ ಕಿತ್ತು ಜೇಬಿಗಿಳಿಸಿದ. ಇಸ್ತ್ರಿ ಮೇಜಿನ ಹಲಗೆಯನ್ನು ಅವಳೇ ತಂದು ಅಡ್ಡ ಹಾಕಿದಳು. ಅವನು ಅದರ ಮೇಲೆ ನಡೆದು ದಾಟಿ, ಬಡಿಸಿಟ್ಟ ತಟ್ಟೆಯ ಕಡೆಗೂ ನೋಡದೆ, ಹೊಸ ಸಿಮೆಂಟಿನ ಮೇಲೆ ಧಪಧಪ ಹೆಜ್ಜೆ ಹಾಕುತ್ತ ಮಳೆಯಲ್ಲೇ ಹೋಗಿಬಿಟ್ಟ.

ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ. ಮಳೆ ಮಾತ್ರ ಬಂತು. ಕೆಂಪು ನೀರು ಗುಡುಗುಡು ಕಾಲುವೆಗಿಳಿದು ಮೋರಿ ಸೇರಿತು. ಲಾಂಡ್ರಿಯಾಕೆ ಇಸ್ತ್ರಿ ಕೋಣೆಯ ಒಣ ನೆಲದ ಮೇಲೆ ಬರಿಗಾಲಿನಲ್ಲಿ ಸುಮ್ಮನೆ ಆಚೆ ಈಚೆ ಓಡಾಡಿದಳು.

ಬಿಸಿಲು ಬಿದ್ದಾಗ ಒಣಹಾಕುವ ಬಟ್ಟೆ ರಾಶಿ ಬಿದ್ದಿತ್ತು, ಹಗ್ಗ ಸಾಲಲಿಲ್ಲ. ಅವಳು ಹಲಗೆ ದಾಟಿ, ಜೆಸಿಬಿಯ ಎತ್ತಿದ ಕೈಗೆ ಒಂದು ತುದಿ, ಈಚೆಯ ಕಂಬಕ್ಕೆ ಇನ್ನೊಂದು ತುದಿ ಕಟ್ಟಿ ಬಿಳಿ ಹಾಸುಗಳನ್ನು ಹರವಿದಳು. ಇಷ್ಟು ದಿನ ಇಸ್ತ್ರಿಪೆಟ್ಟಿಗೆ ಬಿಟ್ಟು ತಲೆಯೆತ್ತದ ಗಂಡ ಕಿಟಕಿಯಿಂದ ಇಣುಕಿ, ಈ ಯಂತ್ರವನ್ನು ಯಾವಾಗ ಸಾಗಿಸುವುದು ಎಂದು ಕೇಳಿದ.

“ತವರಿನವರು ಏನು ಕೊಟ್ಟರು, ಏನು ಕೊಟ್ಟರು ಅಂತಿದ್ರಲ್ಲ,” ಎಂದಳು ಅವಳು, ಬಾಯಲ್ಲಿ ಕಚ್ಚಿದ್ದ ಕ್ಲಿಪ್ಪು ತೆಗೆದು. “ನೋಡಿಕೊಳ್ಳಿ.”