ಕೈಗೆ ಹೊಯ್ದ ನೀರು

ಗಿರಣಿಯವರು ಕೆಲಸಗಾರರಿಗೆಲ್ಲ ಪ್ಲಾಸ್ಟಿಕ್ ಕೈ ಜೋಡಿಸಿದ ಮೇಲೆ, ಹೊಡೆದರೆ ಹೊಡೆದವನಿಗೆ ನೋವಾಗುತ್ತಿರಲಿಲ್ಲ. ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂಬುದೇ ಗುರುಶಾಂತಪ್ಪನಿಗೆ ತಿಳಿಯುತ್ತಿರಲಿಲ್ಲ. ನಿನ್ನೆ ಹೆಂಡತಿ ನೀಲವ್ವನ ಎರಡು ಹಲ್ಲು ಉದುರಿದ್ದವು.

ಇಂದು ಊಟಕ್ಕೆ ಮುಂಚೆ ಅವಳು ಎಂದಿನಂತೆ ತಂಬಿಗೆ ಹಿಡಿದು ಅವನ ಕೈಗೆ ಹೊಯ್ದಳು. ಒಳಗಿದ್ದದ್ದು ಬ್ಯೂಟಿ ಪಾರ್ಲರಿನಲ್ಲಿ ಅವಳು ಉಗುರುಬಣ್ಣ ತೆಗೆಯುವ ಅಸಿಟೋನ್. ನೋಡಲು ನೀರಿನಂತೆಯೇ ತಿಳಿ.

"ಏನ ವಾಸನಿ ಇದು?"

"ಪಾರ್ಲರಿಂದರಿ. ನನ್ನ ಕೈಗೆ ಹತ್ತೇತಿ."

ರೊಟ್ಟಿ ಮುರಿಯಲು ಹೋದಾಗ ಅವನ ಬೆರಳುಗಳು ಕರಗಿ ತಟ್ಟೆಗೆ ಅಂಟಿದವು. ಅರಚುತ್ತ ಅವಳ ಮೇಲೆ ಕೈಯೆತ್ತಿದ; ಅದು ಬಾಡಿದ ಸೊಪ್ಪಿನಂತೆ ಜೋತುಬಿತ್ತು.

ನೀಲವ್ವ ಅವನ ಕೆನ್ನೆಗೆ ಬಲವಾಗಿ ಬಾರಿಸಿದಳು. ಅವಳ ಅಂಗೈ ಚುರುಗುಟ್ಟಿತು.

"ನನಗ ನೋವಾತರಿ," ಎಂದಳು, ಅಂಗೈ ತಿಕ್ಕಿಕೊಳ್ಳುತ್ತ. "ಅದಕ್ಕ ಒಂದಕ್ಕ ನಿಲ್ಲಿಸೇನಿ."